ತಿಮ್ಮಪ್ಪನ ಕಿಡ್ನಿ ಸುಧಾರಿಸಿದ ಬಗೆ

ಕಿಡ್ನಿಯನ್ನು ನಾನು ಕಣ್ಣಾರೆ ನೋಡಿದ್ದು ಕಟುಕರ ಅಂಗಡಿಯಲ್ಲಿ ಮಾತ್ರ, ಅದೂ ಕುರಿಯದು. ಆದರೆ ಮನುಷ್ಯರ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳುವುದೇ ನನ್ನ ಉದ್ಯೋಗದ ಕೊನೆಯ ವರ್ಷಗಳ ಕೆಲಸವಾಗಿತ್ತು. ಆಸ್ಪತ್ರೆಗೆ ಬಂದ ರೋಗಿಗಳದ್ದಲ್ಲ. ಮನೆಯಲ್ಲಿ, ಹೊಲದಲ್ಲಿ, ಮಗ್ಗದ ಕುಣಿಯಲ್ಲಿ ಆರಾಮಾಗಿರುವ ಜನರದ್ದು. ಹೇಳಿದ್ದೆಲ್ಲ ಅಂದಾಜು. ಹೇಳಿದ ನಂತರ ಜನರು ಅದನ್ನು ಏನು ಮಾಡಿಕೊಂಡರು ಎಂಬುದು ಅಂದಾಜಿನ ಆಚೆಗಿನ ಮಾತು, ಮತ್ತು ಈ ಬರಹ ಮುಖ್ಯವಾಗಿ ಅದರ ಬಗ್ಗೆ.

ಈಗ ಇಂಥ ಆರೋಗ್ಯ ಸಮೀಕ್ಷೆಗಳಿಗೆ ಸೇರುವ ತರುಣರು ಆಗಾಗ ಫೋನು ಮಾಡುತ್ತಾರೆ. ಯಾವ ಯಂತ್ರ ಒಳ್ಳೆಯದು, ಯಾವ ಸೂತ್ರ ಬಳಸಬೇಕು ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಪುಸ್ತಕದಲ್ಲಿದೆ. ಅವರು ಕೇಳದೆ ಬಿಟ್ಟದ್ದನ್ನು ಬರೆಯೋಣ ಎಂದು ಕುಳಿತಿದ್ದೇನೆ. ಒಂದು ಎಚ್ಚರಿಕೆ: ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಒಂದೇ ರಕ್ತವನ್ನು ಎರಡು ಸಲ ಪರೀಕ್ಷಿಸಿದರೆ ತಪ್ಪು ಎಲ್ಲಿದೆ ಎಂದು ಸ್ವಲ್ಪ ಗೊತ್ತಾಗುತ್ತದೆ. ಒಂದೇ ಘಟನೆಯನ್ನು ಎರಡು ಸಲ ನೆನೆದರೆ ಎರಡನೆಯದು ಮೊದಲಿನದರ ನಕಲು, ತಪ್ಪೂ ಸೇರಿದಂತೆ. ಎಲ್ಲಿ ಅನುಮಾನವಿದೆಯೋ ಅಲ್ಲಿ ಹೇಳುತ್ತ ಹೋಗುತ್ತೇನೆ.

ಕೆಲಸ ತಿಳಿಯದವರಿಗಾಗಿ ಮೊದಲು ಅದರ ಮರ್ಮ. ನಮ್ಮ ಸ್ನಾಯುಗಳು ದಿನವಿಡೀ ಕ್ರಿಯಾಟಿನಿನ್ ಎಂಬ ಕಸವನ್ನು ರಕ್ತಕ್ಕೆ ಬಿಡುತ್ತವೆ. ಕಿಡ್ನಿ ಅದನ್ನು ಗುಡಿಸಿ ಹೊರಹಾಕುತ್ತದೆ. ರಕ್ತದಲ್ಲಿ ಉಳಿದ ಕಸವನ್ನು ಅಳೆದು, ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನು ಸೇರಿಸಿ ಸೂತ್ರಕ್ಕೆ ಹಾಕಿದರೆ ಕಿಡ್ನಿಯ ಕೆಲಸಕ್ಕೆ ಒಂದು ಸಂಖ್ಯೆ ಬರುತ್ತದೆ. ಅರವತ್ತಕ್ಕಿಂತ ಕೆಳಗೆ ಬಂದು, ಮೂರು ತಿಂಗಳ ನಂತರವೂ ಕೆಳಗೇ ಇದ್ದರೆ ಕಾಯಿಲೆ ಎನ್ನುತ್ತಾರೆ. ಆದರೆ ಇದರಲ್ಲೊಂದು ತೊಡಕಿದೆ. ಸಮೀಕ್ಷೆಯ ಕಾಲದಲ್ಲಿ ನಾರಾಯಣಪೇಟೆಯಲ್ಲಿ ನಾನಿದ್ದ ಕೋಣೆಯ ಕೆಳಗೆ ಮಗ್ಗದ ಮನೆಯಿತ್ತು. ಸಂಜೆ ಅಲ್ಲಿ ನೆಲದ ಮೇಲೆ ನೂಲಿನ ತುಂಡುಗಳ ರಾಶಿ. ಪಕ್ಕದ ಮನೆಯಲ್ಲಿ ಮಗ್ಗವಿಲ್ಲ, ನೆಲ ಕನ್ನಡಿ. ಹಾಗೆಂದು ಮಗ್ಗದ ಮನೆಯ ಸೊಸೆ ಸೋಮಾರಿ ಎನ್ನಲಾದೀತೆ? ಕಸ ಎಷ್ಟು ಹುಟ್ಟುತ್ತದೆ ಎಂದು ಗೊತ್ತಿಲ್ಲದೆ ಕಸ ಗುಡಿಸುವವಳ ಬಗ್ಗೆ ತೀರ್ಪು ಕೊಡುವ ಕೆಲಸ ನಮ್ಮದು. ಊರೆಲ್ಲದರ ಸರಾಸರಿಗೆ ಅದು ನಡೆಯುತ್ತದೆ. ಒಂದೇ ಮನೆಯ ಬಾಗಿಲಲ್ಲಿ ನಿಂತು ಹೇಳಹೊರಟರೆ ಕಾಲು ಜಾರುತ್ತದೆ.

ತೆಲಂಗಾಣ ಆಗ ಹೊಸ ರಾಜ್ಯ. ಹೊಸ ರಾಜ್ಯಕ್ಕೆ ತನ್ನದೇ ಅಂಕಿಸಂಖ್ಯೆ ಬೇಕಿತ್ತು. ನಾನು ರಾಯಚೂರು ಕಡೆಯವನು, ಕಲಬುರಗಿಯಲ್ಲಿ ಜೀವರಸಾಯನಶಾಸ್ತ್ರ ಓದಿದವನು. ಕನ್ನಡ, ತೆಲುಗು ಎರಡೂ ಬರುತ್ತದೆಂದು ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ತಂಡಕ್ಕೆ ನನ್ನನ್ನು ಹಾಕಿದರು. ಮುಖ್ಯಸ್ಥರು ಡಾಕ್ಟರ್ ರಂಗಾರಾವ್, ಹೈದರಾಬಾದಿನವರು. ಉಳಿದವರೆಲ್ಲ ಶನಿವಾರ ಊರಿಗೆ ಹೋಗುತ್ತಿದ್ದರು. ರಕ್ತದ ಮಾದರಿಗಳಿದ್ದ ಫ್ರೀಜರ್ ಕಾಯಲು ಒಬ್ಬರು ಉಳಿಯಬೇಕಿತ್ತು. ಮನೆಯಲ್ಲಿ ಕಾಯುವವರಿಲ್ಲದವನು ನಾನೊಬ್ಬನೇ, ಹಾಗಾಗಿ ಆ ಕೆಲಸ ಯಾರೂ ಹೇಳದೆಯೇ ನನ್ನದಾಯಿತು. ಹಬ್ಬದ ದಿನ ಓಣಿಯೆಲ್ಲ ಹೋಳಿಗೆಯ ವಾಸನೆ. ನಾನು ಬಾಗಿಲು ಹಾಕಿಕೊಂಡು ಫ್ರೀಜರಿನ ಉಷ್ಣಾಂಶ ನೋಡುತ್ತ ಕೂರುತ್ತಿದ್ದೆ. ಆ ಪೆಟ್ಟಿಗೆ ಗುರ್ರೆನ್ನುವುದು ನಿಂತರೆ ಎದೆ ಧಸಕ್ಕೆನ್ನುತ್ತಿತ್ತು. ಮಾತಾಡಿಸುವ ಇನ್ನೊಂದು ದನಿ ಆ ಕೋಣೆಯಲ್ಲಿ ಇರಲಿಲ್ಲ.

ಮೊದಲ ಪಾಠ ಗಟ್ಟು ಎಂಬ ಊರಿನಲ್ಲಿ ಆಯಿತು. ಸೂತ್ರಕ್ಕೆ ವಯಸ್ಸು ಬೇಕು ಎಂದೆನಲ್ಲ. ಒಬ್ಬ ಅಜ್ಜಿಯನ್ನು ಕೇಳಿದೆ.

"ಅವ್ವಾ, ವಯಸ್ಸೆಷ್ಟು?"

"ಯಾವುದು ಬೇಕಪ? ಪಿಂಚಣಿಗಿ ಕೊಟ್ಟದ್ದು ಬೇಕಾ, ನಂದು ಬೇಕಾ?"

"ನಿಂದೇ ಹೇಳವ್ವಾ."

"ನಂದು ನನಗೇನು ಗೊತ್ತು! ನನ್ನ ಮಗ ಹುಟ್ಟಿದಾಗ ಹೊಳಿ ಬಂದಿತ್ತು. ಮಗನ್ನ ಕೇಳು."

ಮಗ ಪಕ್ಕದಲ್ಲೇ ಇದ್ದ. ಅವನ ಗುರುತಿನ ಕಾರ್ಡಿನ ಪ್ರಕಾರ ಅವನೂ ಪಿಂಚಣಿಗೆ ಹತ್ತಿರ. ತಾಯಿಗೂ ಮಗನಿಗೂ ನಡುವೆ ಕಾರ್ಡಿನಲ್ಲಿ ಒಂಬತ್ತು ವರ್ಷದ ಅಂತರ. "ಆಫೀಸಿನವರು ಬರಕೊಂಡಾರ್ರಿ, ನಾವೇನು ಮಾಡೂಣು," ಎಂದು ನಕ್ಕ. ನಾನೂ ನಕ್ಕೆ. ಸಂಜೆ ಆ ವಯಸ್ಸುಗಳನ್ನೇ ಕಂಪ್ಯೂಟರಿಗೆ ಹಾಕಿದಾಗ ಯಂತ್ರ ನಗಲಿಲ್ಲ. ವಯಸ್ಸು ಹೆಚ್ಚಿಸಿ ಬರೆಸಿದವರ ಕಿಡ್ನಿಯನ್ನು ಅಷ್ಟರಮಟ್ಟಿಗೆ ಕೆಳಗಿಳಿಸಿ ತೋರಿಸಿತು.

ಎರಡನೆಯ ಪಾಠ ಮಕ್ತಲ್‌ನಲ್ಲಿ. ಮೊದಲು ನಾವು ಹಳೆಯ ವಿಧಾನದಲ್ಲಿ ಕ್ರಿಯಾಟಿನಿನ್ ಅಳೆಯುತ್ತಿದ್ದೆವು: ಒಂದು ಆಮ್ಲ ಹಾಕಿದರೆ ಕಿತ್ತಳೆ ಬಣ್ಣ ಬರುತ್ತದೆ, ಬಣ್ಣ ಗಾಢವಾದಷ್ಟೂ ಕಸ ಹೆಚ್ಚು. ತೊಂದರೆಯೆಂದರೆ ರಕ್ತದಲ್ಲಿರುವ ಬೇರೆ ಪದಾರ್ಥಗಳೂ ಅದೇ ಬಣ್ಣ ಕೊಡುತ್ತವೆ. ಆಮೇಲೆ ಹೊಸ ವಿಧಾನ ಬಂತು, ಹೊಸ ಸೂತ್ರವೂ ಬಂತು. ಹಳೆಯ ಮಾದರಿಗಳನ್ನೇ ಮತ್ತೆ ಲೆಕ್ಕ ಹಾಕಿದೆವು. ಒಂದು ಮಧ್ಯಾಹ್ನದಲ್ಲಿ ಮಕ್ತಲ್‌ನ ಎಷ್ಟೋ ಜನ ರೋಗಿಗಳು ಹೊಲದಲ್ಲಿ ಕಳೆ ಕೀಳುತ್ತಲೇ ಗುಣವಾದರು. ಕೆಲವರು ಕಟ್ಟೆಯ ಮೇಲೆ ಬೀಡಿ ಸೇದುತ್ತಲೇ ರೋಗಿಗಳಾದರು. ಯಾರಿಗೂ ತಿಳಿಯಲಿಲ್ಲ, ಯಾರಿಗೂ ನೋವಾಗಲಿಲ್ಲ. ಅಂಕಿಗಳು ನಮ್ಮ ಕೋಣೆಯೊಳಗೆ ಇರುವವರೆಗೆ ಅಷ್ಟೇ. ನನಗದು ಸಮಾಧಾನದ ವಿಷಯವಾಗಿತ್ತು.

ರಂಗಾರಾಯರಿಗೆ ಅದು ಸಮಾಧಾನದ ವಿಷಯವಾಗಿರಲಿಲ್ಲ. ಒಂದು ದಿನ ಅವರು ಎಲ್ಲರಿಗೂ ಚೀಟಿ ಕೊಡೋಣ ಎಂದರು. ಪ್ರತಿಯೊಬ್ಬರ ಸಂಖ್ಯೆ ಅದರಲ್ಲಿ. ಅರವತ್ತಕ್ಕಿಂತ ಕೆಳಗಿದ್ದರೆ ಕೆಂಪು ಚೀಟಿ, ಮೇಲಿದ್ದರೆ ಹಸಿರು. ನಮ್ಮಿಬ್ಬರ ಮಾತು ಯಾವಾಗಲೂ ತೆಲುಗಿನಲ್ಲಿ ನಡೆಯುತ್ತಿತ್ತು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಒಂದು ಸಲದ ರಕ್ತದಿಂದ ಒಬ್ಬ ಮನುಷ್ಯನ ಬಗ್ಗೆ ಏನೂ ಹೇಳಲಾಗದು ಸಾರ್," ಎಂದೆ.

"ಏಮಯ್ಯಾ, ನಿಮ್ಮನ್ನು ಕೇಳಿದರೆ ಎರಡು ಸಲದಿಂದಲೂ ಆಗದು ಅನ್ನುತ್ತೀರಿ."

"ಆಗದು."

"ಜನ ತೋಳು ಚಾಚಿ ರಕ್ತ ಕೊಟ್ಟಿದ್ದಾರೆ. ನಾವು ಅದನ್ನು ತಗೊಂಡು ಹೋಗಿ ಲೇಖನ ಬರೆಯೋದು, ಅವರ ಕೈಗೆ ಏನೂ ಇಲ್ಲ. ಇದು ನ್ಯಾಯವೇ? ಯಾರಿಗಾದರೂ ನಿಜವಾಗಿ ಕಾಯಿಲೆ ಇದ್ದರೆ?"

ಅವರ ಮಾತು ತಪ್ಪಲ್ಲ. ಇವತ್ತಿಗೂ ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಚೀಟಿಯ ಕೆಳಗೆ "ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ" ಎಂಬ ಸಾಲು ಸೇರಿಸಬೇಕೆಂದು ಹಟ ಹಿಡಿದೆ. ಸೇರಿಸಿದರು. ಬಣ್ಣ ಬೇಡ ಎಂದೆ. ಅದಕ್ಕೆ ಒಪ್ಪಲಿಲ್ಲ. ಓದು ಬಾರದವರಿಗೆ ಬಣ್ಣವೇ ಅಕ್ಷರ ಎಂದರು. ಅದೂ ನಿಜವೇ.

ಗದ್ವಾಲದ ಮಾರುಕಟ್ಟೆಯ ಹಮಾಲರನ್ನು ಸಮೀಕ್ಷೆಗೆ ಸೇರಿಸಿದ್ದು ಇದಾದ ಮೇಲೆ. ಶೇಂಗಾ, ಹತ್ತಿ, ಭತ್ತದ ಚೀಲ ಇಳಿಸುವ, ಏರಿಸುವ ಗುಂಪು. ಅವರ ಮೇಸ್ತ್ರಿ ಖಾಜಾಮಿಯಾ, ಬಿಳಿ ಗಡ್ಡದ, ಗಟ್ಟಿ ದನಿಯ ಮನುಷ್ಯ. ಹಮಾಲರ ಪದ್ಧತಿಯೆಂದರೆ ದಿನದ ದುಡಿಮೆಯನ್ನು ಗುಂಪಿನವರೆಲ್ಲ ಸಮಪಾಲು ಮಾಡಿಕೊಳ್ಳುವುದು. ಯಾರು ಎಷ್ಟು ಚೀಲ ಹೊತ್ತರು ಎಂದು ನೋಡುವುದಿಲ್ಲ. ಅದಕ್ಕೇ ಗುಂಪಿನೊಳಗೆ ಜಾಗ ಸಿಗುವುದು ಕಷ್ಟ. ಹೊರಲಾಗದವನು ಉಳಿಯುವುದು ಇನ್ನೂ ಕಷ್ಟ.

ರಕ್ತ ತೆಗೆಯುವ ದಿನವನ್ನು ಗೊತ್ತುಮಾಡಿದವನು ಖಾಜಾಮಿಯಾನೇ; ಅವತ್ತು ಮಾರುಕಟ್ಟೆಯಲ್ಲಿ ಕೆಲಸ ಕಡಿಮೆ ಇರುತ್ತದೆ, ಬನ್ನಿ ಎಂದಿದ್ದ. ಯಾಕೆ ಕಡಿಮೆ ಎಂದು ನಾವು ಕೇಳಲಿಲ್ಲ. ಹಿಂದಿನ ದಿನ ಹಮಾಲರ ಕಂದೂರಿ ನಡೆದಿತ್ತು. ಹಿಂದೂ, ಮುಸಲ್ಮಾನ ಎನ್ನದೆ ಗುಂಪಿನವರೆಲ್ಲ ಸೇರಿ ದರ್ಗಾಕ್ಕೆ ಆಡು ಕೊಯ್ದು ಉಣ್ಣುವ ವರ್ಷಕ್ಕೊಂದು ಊಟ. ಉಳಿದ ಬಾಡನ್ನು ಮನೆಮನೆಗೆ ಹಂಚಿ, ಮರುದಿನ ಬೆಳಿಗ್ಗೆ ಮತ್ತೆ ಕಾಸಿ ಜೋಳದ ರೊಟ್ಟಿಯೊಂದಿಗೆ ತಿನ್ನುವುದು ಊಟದಷ್ಟೇ ಮುಖ್ಯ. ನಾವು "ಉಪವಾಸ ಬೇಡ, ದಿನದ ಹಾಗೆ ತಿಂದು ಬನ್ನಿ" ಎಂದು ಹೇಳಿ ಕಳಿಸಿದ್ದೆವು. ಅವರು ತಿಂದು ಬಂದರು.

ಅಲ್ಲಿ ತಿಮ್ಮಪ್ಪನನ್ನು ಕಂಡೆ. ಮಲ್ದಕಲ್‌ನವನು, ನಲವತ್ತರ ಆಸುಪಾಸು. ಹೆಗಲು ಎಷ್ಟು ಅಗಲವಿತ್ತೆಂದರೆ ನಮ್ಮ ಕುರ್ಚಿಯ ಬೆನ್ನು ಕಾಣುತ್ತಿರಲಿಲ್ಲ. ತೋಳಿಗೆ ಕಟ್ಟುವ ಪಟ್ಟಿ ಸಾಲದೆ ನರ್ಸು ಎರಡು ಪಟ್ಟಿ ಜೋಡಿಸಿದಳು.

"ಸೂಜಿ ಮುರದೀತು ನೋಡವ್ವಾ," ಎಂದ ತಿಮ್ಮಪ್ಪ. "ಮುರದ್ರ ನನ್ನ ಮ್ಯಾಲ ಹಾಕಬ್ಯಾಡ."

"ಅರೆ, ಕಣ್ಣ ಮುಚ್ಯಾನ ನೋಡ್ರಿ!" ಖಾಜಾಮಿಯಾ ಹಿಂದಿನಿಂದ ಕೂಗಿದ. "ಎರಡ ಚೀಲ ಒಮ್ಮಿಗೇ ಹೊರೋ ಪೈಲ್ವಾನ, ಸೂಜಿ ಅಂದ್ರ ಬಾಯಿ ಬಾಯಿ ಬಿಡತಾನ!"

"ಕಣ್ಣಾಗ ಧೂಳ ಹೋಗೈತಿ, ಮೇಸ್ತ್ರಿ."

ಎಲ್ಲರೂ ನಕ್ಕರು. ಮಸಾಲೆಯ, ಬೆಳ್ಳುಳ್ಳಿಯ ವಾಸನೆ ಆ ಶೆಡ್ಡಿನ ತುಂಬ ಇತ್ತು ಎಂದು ನನಗೀಗ ಅನ್ನಿಸುತ್ತದೆ. ಆಗ ಮೂಗಿಗೆ ಬಂದಿತ್ತೋ, ಆಮೇಲೆ ನಾನು ಸೇರಿಸಿಕೊಂಡದ್ದೋ ಹೇಳಲಾರೆ.

ಬೇಯಿಸಿದ ಮಾಂಸದಲ್ಲಿ ಕ್ರಿಯಾಟಿನಿನ್ ಇರುತ್ತದೆ. ತಿಂದ ಕೆಲವು ಗಂಟೆ ರಕ್ತದಲ್ಲಿ ಅದು ಏರಿರುತ್ತದೆ. ಅದರ ಮೇಲೆ ಹಮಾಲರ ಸ್ನಾಯು. ಆ ದಿನದ ಫಲಿತಾಂಶದಲ್ಲಿ ಕೆಂಪು ಚೀಟಿಗಳು ಉಳಿದೆಲ್ಲ ಊರುಗಳಿಗಿಂತ ಹೆಚ್ಚು ಬಂದವು. ರಂಗಾರಾಯರು ಅಲ್ಲಿನ ಕುಡಿಯುವ ನೀರಿನ ಪರೀಕ್ಷೆ ಮಾಡಿಸಬೇಕು ಎಂದರು. ಚೀಟಿ ಹಂಚಿಯಾದ ಮೇಲೆ, ಖಾಜಾಮಿಯಾ ಮಾತಿನ ನಡುವೆ ಕಂದೂರಿಯ ಬಾಡಿನ ರುಚಿ ವರ್ಣಿಸಿದಾಗ ನನಗೆ ಕಾರಣ ಹೊಳೆಯಿತು. ಮೂತ್ರ ಪರೀಕ್ಷೆಯಲ್ಲಿ ಯಾರಿಗೂ ಏನೂ ಇರಲಿಲ್ಲ; ಅದನ್ನಾದರೂ ಮೊದಲೇ ಗಮನಿಸಬಹುದಿತ್ತು. ಮೂರು ತಿಂಗಳಿಗೆ ಮತ್ತೆ ರಕ್ತ ತೆಗೆದಾಗ, ಈ ಸಲ ಬಾಡು ಬೇಡವೆಂದು ಹೇಳಿ ತೆಗೆದಾಗ, ಬಂದವರಲ್ಲಿ ಹೆಚ್ಚಿನವರು ಹಸಿರಿಗೆ ಬಂದರು. ತಿಮ್ಮಪ್ಪ ಮಾತ್ರ ರಕ್ತ ಕೊಡಲು ಬರಲೇ ಇಲ್ಲ.

ಅದಕ್ಕೆ ಮೊದಲು, ಚೀಟಿ ಕೊಟ್ಟ ಕೆಲವೇ ದಿನಗಳಲ್ಲಿ, ಅವನ ಹೆಂಡತಿ ಸವಾರಮ್ಮ ಗದ್ವಾಲದ ನಮ್ಮ ಕೇಂದ್ರಕ್ಕೆ ಬಂದಿದ್ದಳು. ಇದು ಮುಖ್ಯ, ನೆನಪಿರುವಷ್ಟನ್ನು ಜಾಗರೂಕತೆಯಿಂದ ಬರೆಯುತ್ತೇನೆ. ಅವಳು ಬಾಗಿಲಲ್ಲೇ ನಿಂತಳು. ಕೆಂಪು ಚೀಟಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದಳು. ರಕ್ತದ ಕೊಳವೆಗಳನ್ನು ತಿರುಗಿಸುವ ಯಂತ್ರ ಸದ್ದು ಮಾಡುತ್ತಿತ್ತು. ಮೊದಲು ಅವಳು ಕೇಳಿದ್ದು: "ಕಿಡ್ನಿ ಫೇಲಾಗೈತೇನ್ರಿ?"

"ಇಲ್ಲವ್ವಾ. ಒಂದ ಪರೀಕ್ಷೆದಾಗ ಹಂಗ ಹೇಳಾಕ ಬರಂಗಿಲ್ಲ. ಮೂರು ತಿಂಗಳು ಬಿಟ್ಟು ಮತ್ತ ಕರಕೊಂಡ ಬಾ," ಎಂದೆ. ಇಷ್ಟು ಖಚಿತ.

ಆಮೇಲೆ ಅವಳು ಕೇಳಿದ್ದು: "ಅಲ್ಲಿತನಕ ಚೀಲ ಹೊರಬಹುದೇನ್ರಿ?"

ಇದಕ್ಕೆ ನಾನು ಕೊಟ್ಟ ಉತ್ತರ ನನ್ನ ತಲೆಯಲ್ಲಿ ಎರಡು ರೀತಿಯಲ್ಲಿದೆ. ಒಂದರಲ್ಲಿ, "ಹೊರಲಿ, ಏನೂ ಆಗಂಗಿಲ್ಲ, ಕೆಲಸ ಬಿಡಬ್ಯಾಡ ಅನ್ನು," ಎನ್ನುತ್ತೇನೆ. ಇನ್ನೊಂದರಲ್ಲಿ, "ಈಗ ಖಾತ್ರಿ ಏನೂ ಹೇಳಾಕ ಆಗಂಗಿಲ್ಲವ್ವಾ," ಎನ್ನುತ್ತೇನೆ. ನನ್ನನ್ನು ಬಲ್ಲವರಿಗೆ ಎರಡನೆಯದೇ ನನ್ನ ಮಾತಿನಂತೆ ಕೇಳಿಸುತ್ತದೆ. ವಿಶ್ವವಿದ್ಯಾಲಯ ನನಗೆ ಕಲಿಸಿದ್ದೇ ಅದು: ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನು. ಅದನ್ನು ಒಂದು ಗುಣವೆಂದೇ ತಿಳಿದುಕೊಂಡು ಬಂದಿದ್ದೆ. ಬಾಗಿಲಲ್ಲಿ ನಿಂತವಳು ಅದರಿಂದ ಏನು ತಿಳಿದುಕೊಂಡು ಹೋಗುತ್ತಾಳೆ ಎಂದು ವಿಶ್ವವಿದ್ಯಾಲಯ ಕೇಳಿರಲಿಲ್ಲ.

ತಿಮ್ಮಪ್ಪ ಚೀಲ ಹೊರುವುದನ್ನು ಬಿಟ್ಟ. ಗುಂಪಿನವರು ಮೊದಲು ಏನೂ ಅನ್ನಲಿಲ್ಲ; ಹೊರದವನಿಗೂ ಪಾಲು ಕೊಟ್ಟರು. ಹತ್ತಿಯ ಸುಗ್ಗಿ ಜೋರಾದಾಗ ಗೊಣಗಾಟ ಶುರುವಾಯಿತು. ಖಾಜಾಮಿಯಾ ನನ್ನನ್ನು ಮಾರುಕಟ್ಟೆಯ ಗೇಟಿನಲ್ಲಿ ಹಿಡಿದು ನಿಲ್ಲಿಸಿದ.

"ಸಾಬ್, ಸಾಫ್ ಸಾಫ್ ಹೇಳ್ರಿ. ಅವನ ಕಿಡ್ನಿ ಹೋಗೈತೋ ಇಲ್ಲೋ?"

"ಮತ್ತೊಮ್ಮೆ ನೋಡಬೇಕು, ಮೇಸ್ತ್ರಿ. ಬಹುಶಃ ಏನೂ ಇಲ್ಲ."

"ಬಹುಶಃ ಅಂತ ನಾ ಹುಡುಗರಿಗಿ ಹ್ಯಾಂಗ ಹೇಳಲಿ? ಶೇಂಗಾ ಬರೋತನಕ ಅವನ ಜಾಗ ಹಿಡಿತೀನಿ. ಅಷ್ಟರಾಗ ಹಸಿರ ಚೀಟಿ ತರಸ್ರಿ. ಇಲ್ಲಾಂದ್ರ ನನ್ನ ಕೈಯಾಗಿಲ್ಲ."

ಶೇಂಗಾ ಬರಲು ಇನ್ನೂ ಕೆಲವು ವಾರಗಳಿದ್ದವು. ತಿಮ್ಮಪ್ಪ ಮಲ್ದಕಲ್‌ನಲ್ಲಿ ಇರಲಿಲ್ಲ. ಕೃಷ್ಣೆಯ ಆಚೆ, ರಾಯಚೂರು ಕಡೆಯ ಹೆಂಡತಿಯ ತವರಿಗೆ ಹೋಗಿದ್ದ. ಅಲ್ಲಿ ಯಾರೋ ಕಿಡ್ನಿಗೆ ಬೇರು ಕೊಡುತ್ತಾರಂತೆ. ಫೋನು ಎತ್ತಲಿಲ್ಲ. ರಕ್ತ ತೆಗೆಯುವ ಸಾಮಾನು, ಐಸ್ ಡಬ್ಬಿ ಹಿಡಿದು ಬಸ್ಸು ಹತ್ತಿದೆ. ರಂಗಾರಾಯರಿಗೆ ಹೇಳಲಿಲ್ಲ. ಒಬ್ಬನ ಬೆನ್ನು ಹತ್ತಿ ಹೋಗುವುದು ನಮ್ಮ ಕೆಲಸವಲ್ಲ ಎನ್ನುತ್ತಿದ್ದರು. ಸಮೀಕ್ಷೆಯ ದೃಷ್ಟಿಯಿಂದ ಅದು ಸರಿ. ಒಬ್ಬ ಹಮಾಲ ತಪ್ಪಿಸಿಕೊಂಡರೆ ಸರಾಸರಿಗೆ ಏನೂ ಆಗುವುದಿಲ್ಲ.

ಅವನು ಹೊರಸಿನ ಮೇಲೆ ಮಲಗಿದ್ದ. ಆಗಲೇ ಹೆಗಲು ಇಳಿದಿತ್ತು. ಉಪ್ಪು ಬಿಟ್ಟಿದ್ದ, ಬಾಡು ಬಿಟ್ಟಿದ್ದ, ಬೇಳೆಯನ್ನೂ ಯಾರೋ ಬಿಡಿಸಿದ್ದರು. ನಾನು ಕುಳಿತು ಎಲ್ಲವನ್ನೂ ಹೇಳಿದೆ: ಕಂದೂರಿ, ಸ್ನಾಯು, ಹಸಿರಿಗೆ ಬಂದ ಅವನ ಗೆಳೆಯರು. ಅವನು ಶಾಂತವಾಗಿ ಕೇಳಿದ.

"ನಿನಗೂ ಏನೂ ಆಗಿರಲಿಕ್ಕಿಲ್ಲ, ತಿಮ್ಮಪ್ಪಾ. ಒಂದಿಷ್ಟು ರಕ್ತ ಕೊಡು, ನಾಳೆ ಹೇಳತೀನಿ."

"ಬ್ಯಾಡ್ರಿ."

"ಯಾಕಪ?"

"ಒಮ್ಮಿ ಕೊಟ್ಟಿದ್ದಕ್ಕ ಇಷ್ಟಾತು. ಇನ್ನೊಮ್ಮಿ ಕೊಟ್ರ ಏನ ಹೇಳತೀರೋ." ತೋಳುಗಳನ್ನು ಹೊದಿಕೆಯೊಳಗೆ ಎಳೆದುಕೊಂಡ. ಸವಾರಮ್ಮ ನನಗೆ ಚಹಾ ಕೊಟ್ಟಳು. ಕೊಟ್ಟವಳೇ ಒಳಗೆ ಹೋದಳು. ರಕ್ತ ಸಿಗದ ಡಬ್ಬಿಯೊಳಗೆ ಐಸ್ ಕರಗಿ ನೀರಾಗುತ್ತ ಸದ್ದು ಮಾಡುತ್ತಿತ್ತು, ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ.

ಶೇಂಗಾ ಬಂತು. ಗುಂಪಿನಲ್ಲಿ ತಿಮ್ಮಪ್ಪನ ಜಾಗಕ್ಕೆ ಬೇರೊಬ್ಬ ಬಂದ. ಖಾಜಾಮಿಯಾ ಮಾತು ಉಳಿಸಿಕೊಂಡಿದ್ದ. ಅದಕ್ಕಿಂತ ಹೆಚ್ಚಿನದು ಅವನ ಕೈಯಲ್ಲಿ ಇರಲಿಲ್ಲ.

ಮರುವರ್ಷ, ಎರಡನೆಯ ಸುತ್ತಿನ ಸಮೀಕ್ಷೆಯಲ್ಲಿ, ಮಲ್ದಕಲ್ ಶಾಲೆಯ ವರಾಂಡದಲ್ಲಿ ಒಬ್ಬ ಮನುಷ್ಯ ತಾನಾಗಿ ಬಂದು ತೋಳು ಚಾಚಿದ. ನರ್ಸು ಪಟ್ಟಿ ಸುತ್ತಿದಳು, ಒಂದೇ ಪಟ್ಟಿ, ಅದೂ ಸಡಿಲವಾಗಿ. ಹೆಸರು ಕೇಳಿದ ಮೇಲೆ ನಾನು ತಲೆಯೆತ್ತಿ ನೋಡಿದೆ. ಅಂಗಿ ಅವನ ಮೇಲೆ ಬೇರೆಯವರದ್ದೆಂಬಂತೆ ನೇತಾಡುತ್ತಿತ್ತು. "ಈಗ ಆರಾಮ ಅದೀನ್ರಿ," ಎಂದ. "ನೋಡ್ರಿ ಬೇಕಾರ."

ಸಂಖ್ಯೆ ಅರವತ್ತನ್ನು ದಾಟಿ ಬಹಳ ಮೇಲಿತ್ತು. ಹಸಿರು ಚೀಟಿ.

ರಂಗಾರಾಯರು ನನ್ನ ಕೋಣೆಗೇ ಬಂದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ಕಂಡಿರಲಿಲ್ಲ. "ನೋಡಿದಿರಾ? ಬೇಗ ಕಂಡುಹಿಡಿದೆವು, ಪಥ್ಯ ಮಾಡಿದ, ಮನುಷ್ಯ ಉಳಿದ. ಚೀಟಿ ಬೇಡ ಅಂತಿದ್ದಿರಲ್ಲಯ್ಯಾ!" ಹೈದರಾಬಾದಿನ ಸಭೆಯಲ್ಲಿ ತಿಮ್ಮಪ್ಪನ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಚಪ್ಪಾಳೆ ಬಿತ್ತು. ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಎಲ್ಲರೂ ಒಪ್ಪಿದ ಮಾತನ್ನು ನಾನೊಬ್ಬನೇ ಒಪ್ಪದೆ ಕೂರುವುದು ನನಗೆ ಅಭ್ಯಾಸವಾಗಿದ್ದ ಸ್ಥಿತಿ; ಆದರೂ ಅವತ್ತು ಆ ಕುರ್ಚಿಯಲ್ಲಿ ಕೂರುವುದು ಕಷ್ಟವಾಯಿತು.

ನನಗನ್ನಿಸಿದ್ದು ಇಷ್ಟು: ಕಸ ಗುಡಿಸುವವಳು ಮೊದಲಿನಂತೆಯೇ ಗುಡಿಸುತ್ತಿದ್ದಾಳೆ, ಮನೆಯಲ್ಲಿ ಮಗ್ಗ ನಿಂತಿದೆ. ತಿಮ್ಮಪ್ಪನ ಕಿಡ್ನಿ ಸುಧಾರಿಸಲಿಲ್ಲ, ತಿಮ್ಮಪ್ಪ ಕರಗಿದ. ಸ್ನಾಯು ಹೋಯಿತು, ಬಾಡು ಹೋಯಿತು, ಕಸ ಕಡಿಮೆಯಾಯಿತು, ಸೂತ್ರ ಅವನಿಗೆ ಶಹಬ್ಬಾಸ್ ಎಂದಿತು. ಆದರೆ ಇದೂ ನನ್ನ ಅನುಮಾನವೇ ಹೊರತು ಪುರಾವೆಯಲ್ಲ. ಪುರಾವೆ ಫ್ರೀಜರಿನಲ್ಲಿತ್ತು. ಕಂದೂರಿಯ ಮರುದಿನ ತೆಗೆದ ಅವನ ರಕ್ತದ ಒಂದು ಕೊಳವೆ ಉಳಿದಿತ್ತು. ಸಿಸ್ಟಾಟಿನ್ ಎಂಬ ಇನ್ನೊಂದು ಪದಾರ್ಥವಿದೆ. ಅದು ಸ್ನಾಯುವಿನಿಂದಲ್ಲ, ದೇಹದ ಎಲ್ಲ ಕಡೆಯಿಂದ ಬರುವಂಥದ್ದು, ಬಾಡು ತಿಂದರೂ ಅಷ್ಟಾಗಿ ಏರುವುದಿಲ್ಲ. ದುಬಾರಿ ಪರೀಕ್ಷೆ, ಎಲ್ಲರಿಗೂ ಮಾಡಿಸಲಾಗದು. ಎರಡೂ ವರ್ಷದ ಅವನ ರಕ್ತವನ್ನು ಅದಕ್ಕೆ ಕಳಿಸಿದೆ.

ಎರಡು ವರ್ಷದ ಸಂಖ್ಯೆಗಳೂ ಹೆಚ್ಚುಕಡಿಮೆ ಒಂದೇ ಬಂದವು. ಎರಡೂ ಅರವತ್ತಕ್ಕಿಂತ ಎಷ್ಟೋ ಮೇಲೆ. ಆ ಕಾಗದವನ್ನು ಹಿಡಿದುಕೊಂಡು ಎಷ್ಟು ಹೊತ್ತು ಕುಳಿತಿದ್ದೆನೋ ತಿಳಿಯದು. ನನ್ನ ಅನುಮಾನ ಸರಿಯಾಗಿತ್ತು ಎಂಬ ಹಿಗ್ಗು ಬರಬೇಕಿತ್ತು, ಬರಲಿಲ್ಲ. ಅದನ್ನು ಯಾರಿಗೆ ತೋರಿಸಲಿ ಎಂದು ಯೋಚಿಸಿದೆ. ಕೆಳಗಿನ ಮನೆಯಲ್ಲಿ ಮಗ್ಗ ಬಡಿಯುತ್ತಿತ್ತು.

ಕಡೆಗೆ ರಂಗಾರಾಯರಿಗೇ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು. ವಾದ ಮಾಡಲಿಲ್ಲ.

"ವರದಿಯಲ್ಲಿ ತಿದ್ದುತ್ತೇನೆ," ಎಂದರು. ಆಮೇಲೆ ತಿದ್ದಿದರು ಕೂಡ. ಅವರ ಬಗ್ಗೆ ಅದನ್ನು ಹೇಳಲೇಬೇಕು. "ಆದರೆ ಅವನಿಗೆ ಹೇಳಿ ಏನಾಗಬೇಕು? ಗುಣವಾದೆ ಅಂದುಕೊಂಡಿದ್ದಾನೆ. ಇರಲಿ ಬಿಡಿ."

"ಮತ್ತೆ ಬಾಡು ತಿನ್ನಬಹುದು. ಚೀಲ ಹೊರಬಹುದು. ಇನ್ನೂ ಉಪ್ಪಿಲ್ಲದೆ ಉಣ್ಣುತ್ತಿದ್ದಾನೆ, ಸಾರ್."

"ಅಷ್ಟನ್ನೇ ಹೇಳಿ. ಹಿಂದಿನದು ಬೇಡ."

ಹಿಂದಿನದನ್ನು ಬಿಟ್ಟು ಮುಂದಿನದನ್ನು ಹೇಳುವುದು ಹೇಗೆಂದು ನನಗೆ ತಿಳಿಯಲಿಲ್ಲ. ಈಗಲೂ ತಿಳಿಯದು. ಹೊಸದಾಗಿ ಕೆಲಸಕ್ಕೆ ಸೇರುವವರು ಈ ಜಾಗದಲ್ಲಿ ನನ್ನಿಂದ ಸಲಹೆ ನಿರೀಕ್ಷಿಸಬಾರದು.

ಮಲ್ದಕಲ್‌ನ ದೇವಸ್ಥಾನದ ದಾರಿಯಲ್ಲಿ ತಿಮ್ಮಪ್ಪ ತೆಂಗಿನಕಾಯಿ ಅಂಗಡಿ ಇಟ್ಟಿದ್ದ. ನೆರಳಿಗೆ ಒಂದು ತಗಡು, ಕೂರಲು ಒಂದು ಮಣೆ. ಸವಾರಮ್ಮ ಪಕ್ಕದಲ್ಲಿ ಹೂವು ಕಟ್ಟುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಎದ್ದು ನಿಂತ.

"ಬರ್ರಿ ಸಾರ್, ಬರ್ರಿ! ಏ, ಸಾರ್‌ಗೆ ಕುರ್ಚಿ ಕೇಳು ಆ ಹೋಟೆಲಿನ್ಯಾಗ." ಕಾಯಿ ಕೊಳ್ಳಲು ಬಂದ ಒಬ್ಬ ಗಿರಾಕಿಗೆ, "ಇವರ ನೋಡು ನನ್ನ ಉಳಿಸಿದವರು. ಇವರ ಚೀಟಿ ಕೊಡಲಿಲ್ಲಾಂದ್ರ ನಾ ಎಂದೋ ಮಣ್ಣಾಗಿರ್ತಿದ್ದೆ," ಎಂದ. ಗಿರಾಕಿ ನನಗೆ ಕೈಮುಗಿದ.

ಗಿರಾಕಿ ಹೋಗುವವರೆಗೆ ಕಾದೆ. ಆಮೇಲೆ ಹೇಳಿದೆ. ಹಳೆಯ ರಕ್ತವನ್ನು ಬೇರೆ ರೀತಿಯಲ್ಲಿ ನೋಡಿಸಿದ್ದು, ಆ ದಿನವೂ ಅವನ ಕಿಡ್ನಿ ಚೆನ್ನಾಗಿಯೇ ಇದ್ದದ್ದು, ಈಗ ಉಪ್ಪು, ಬಾಡು, ಕೆಲಸ ಯಾವುದಕ್ಕೂ ಅಡ್ಡಿಯಿಲ್ಲ ಎಂಬುದು. ಈ ಸಲ ಬಹುಶಃ ಎನ್ನಲಿಲ್ಲ. ಸಿಸ್ಟಾಟಿನ್ ಕೂಡ ಒಂದು ಅಂದಾಜೇ, ಅದಕ್ಕೂ ಅದರದ್ದೇ ತಪ್ಪುಗಳಿವೆ ಎಂದು ಹೇಳಲು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ತಿಮ್ಮಪ್ಪ ಒಂದು ಕಾಯಿ ಕೈಗೆತ್ತಿಕೊಂಡು ನಾರು ಕೀಳತೊಡಗಿದ.

"ಏನೂ ಇದ್ದಿದ್ದಿಲ್ಲ ಅಂತೀರಿ."

"ಇದ್ದಿದ್ದಿಲ್ಲ."

"ನನಗ ನಡು ಹಿಡಿತಿತ್ತಲ್ರಿ. ಕಾಲು ಸೋಲತಿದ್ದವು. ಮುಖ ಬಾತಿತ್ತಂತ ಈಕಿ ಅಂದಿದ್ದಳು. ಅದೆಲ್ಲ?"

"ಚಿಂತಿಗಿ ಆಗಿರಬಹುದು, ತಿಮ್ಮಪ್ಪಾ. ಊಟ ಬಿಟ್ಟಿದ್ದಕ್ಕ ಆಗಿರಬಹುದು."

"ಅಂದ್ರ ಒಂದ ವರ್ಷ ನಾ ಸುಳ್ಳ ಮಲಕೊಂಡಿದ್ದೆ."

ಅವನ ಕಾಲ ಬಳಿ ಬಿದ್ದ ನಾರನ್ನು ನಾನು ಒಟ್ಟುಮಾಡಿದೆ.

"ನಮ್ಮ ಮೇಸ್ತ್ರಿಗಿ ಇದನ್ನ ಹೇಳಬ್ಯಾಡ್ರಿ," ಎಂದ ಅವನು ಕಾಯಿ ಕೆಳಗಿಟ್ಟು. "ಬ್ಯಾನಿ ಬಂದು ಬಿಟ್ಟವನು ಅಂತ ಮಾರ್ಕೆಟ್‌ನ್ಯಾಗ ಇನ್ನೂ ಮಾತಾಡಸ್ತಾರ. ಹೆದರಿ ಬಿಟ್ಟವನು ಅಂದ್ರ ನಗತಾರ." ಅಷ್ಟರಲ್ಲಿ ಇಬ್ಬರು ಬಂದು ಕಾಯಿ ಕೇಳಿದರು. ಕೊಟ್ಟ. ಅವರು ಹೋದ ಮೇಲೆ ತನ್ನ ತೋಳನ್ನು ತಾನೇ ಹಿಡಿದು ನೋಡಿಕೊಂಡ, ಸಂತೆಯಲ್ಲಿ ದನದ ತೊಡೆ ಹಿಡಿದು ನೋಡುವ ಹಾಗೆ. ಆಮೇಲೆ ಕೇಳಿದ:

"ಒಂದ ಮಾತು ಕೇಳತೀನ್ರಿ ಸಾರ್. ಅವತ್ತು ಈಕಿ ನಿಮ್ಮ ಆಫೀಸಿಗಿ ಬಂದಿದ್ದಳು. ಇನ್ನೊಮ್ಮಿ ನೋಡೋತನಕ ಚೀಲ ಹೊರಬಹುದಂತ ನೀವು ಹೇಳಿದ್ರೇನ್ರಿ, ಇಲ್ಲೇನ್ರಿ?"

ನಾನು ಬಾಯಿ ತೆರೆದೆ. ಎರಡೂ ಉತ್ತರಗಳು ಒಟ್ಟಿಗೇ ಬಂದು ನಿಂತವು. ಹೇಳಿದ್ದೆ ಎಂದರೆ ಒಂದು ವರ್ಷದ ಹೊರೆ ಹೂವು ಕಟ್ಟುತ್ತಿರುವವಳ ತಲೆಯ ಮೇಲೆ. ಇಲ್ಲ ಎಂದರೆ ನನ್ನ ಮೇಲೆ. ಯಾವುದು ನಿಜ ಎಂಬುದೊಂದೇ ನನಗೆ ಬೇಕಿತ್ತು. ಅದು ನನ್ನ ಬಳಿ ಇರಲಿಲ್ಲ. ಆ ದಿನ ಆ ಬಾಗಿಲಲ್ಲಿ ಇದ್ದವರು ನಾವಿಬ್ಬರೇ. ಸವಾರಮ್ಮನ ಕಡೆ ನೋಡಿದೆ.

ಅವಳು ಹೂವಿನಿಂದ ಕಣ್ಣೆತ್ತಲಿಲ್ಲ. ಗಂಟು ಬಿಗಿದು, ಹಲ್ಲಿನಿಂದ ದಾರ ಕತ್ತರಿಸಿದಳು.

"ಹೇ‍ಳಿದ್ರು," ಎಂದಳು. "ನಾನ ನಿನಗ ಹೇಳಲಿಲ್ಲ."

ತಿಮ್ಮಪ್ಪ ಅವಳನ್ನು ನೋಡುತ್ತ ಕುಳಿತ. ನಾನು ಅವಳ ಮುಖವನ್ನು ಓದಲು ಪ್ರಯತ್ನಿಸಿದೆ. ನಿಜಕ್ಕೂ ನಾನು ಹೇಳಿದ್ದಕ್ಕೆ ಹಾಗೆಂದಳೋ, ಬಿಸಿಲಲ್ಲಿ ಅಷ್ಟು ದೂರ ಬಂದ ಮನುಷ್ಯ ಉತ್ತರವಿಲ್ಲದೆ ನಿಂತದ್ದನ್ನು ನೋಡಲಾರದೆ ಹಾಗೆಂದಳೋ, ಅವಳು ಸತ್ತರೂ ನಾನು ಸತ್ತರೂ ಇನ್ನು ಗೊತ್ತಾಗುವಂಥದ್ದಲ್ಲ.

"ಇಲ್ಲ ತಿಮ್ಮಪ್ಪಾ, ನನಗ ನೆನಪಿಲ್ಲ," ಎಂದಾದರೂ ನಾನು ಹೇಳಬಹುದಿತ್ತು. ಗೊತ್ತಿಲ್ಲ ಎನ್ನುವುದು ನಾನು ಬದುಕಿಡೀ ಹೇಳಿಕೊಂಡು ಬಂದ ಮಾತು. ಅವತ್ತು ಬರಲಿಲ್ಲ. ಸವಾರಮ್ಮ ಮುಂದಿನ ಹೂವಿಗೆ ಕೈ ಹಾಕಿದಳು, ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.